ಬಾಲದ ಉದ್ದ

ಹಳದಿ ದೀಪವೊಂದು ಸಾಕು. ಇನ್ನಾವ ಬೆಳಕೂ ಬೇಡ.
ಬೆಳಕೂ ಎಳೆ ಕಡಿಯಬಲ್ಲದು,
ಆಮೇಲೆ ತಪ್ಪು ಯಾರದೆಂದು ತಿಳಿಯುವುದಿಲ್ಲ.

ಹಾಕೊದಾತೆಯಲ್ಲಿ ನವೆಂಬರ್.
ಸಂಜೆ ಚಹಾಕ್ಕೆಂದು ಹೊರಬಂದಾಗ ಕಂಡೆ:
ಬೊಂಡಾಸು ಹಿಡಿಯುವ ದೋಣಿಗಳು
ಗೊಂಚಲು ಗೊಂಚಲು ದೀಪ ಕಟ್ಟಿಕೊಂಡು
ಕಡಲಿಗೆ ಆಸೆ ತೋರಿಸುತ್ತಿದ್ದವು.

ನಿನ್ನೆ ಎಂಟು ಅಂಗ ಬಿಡಿಸಿದೆವು, ನಾನೂ ಮಿಜುಹೊವೂ:
ಜಠರ, ದೊಡ್ಡಕರುಳು, ಯಕೃತ್ತು, ಮೂತ್ರಪಿಂಡ,
ಮೂತ್ರಕೋಶ (ಬೇಳೆಕಾಳಿನಷ್ಟು, ಅಷ್ಟೇ),
ಶ್ವಾಸಕೋಶ, ಮಿದುಳು, ತೊಡೆಮೂಳೆಯೊಳಗಿನ ಮಜ್ಜೆ.
ಮಂಜುಗಡ್ಡೆಯ ಮೇಲಿನ ಬಟ್ಟಲಲ್ಲಿ ಕತ್ತರಿಸಿದ್ದು
ಮನೆಯಲ್ಲಿ ಈರುಳ್ಳಿಸೊಪ್ಪು ಹೆಚ್ಚುವ ಇದೇ ಕೈ.
ಮಿಜುಹೊ ಹೊಸಬಳು. ಮೊದಲ ಇಲಿಗೆ ಕೈ ನಡುಗಿತು,
ನಾಲ್ಕನೆಯದಕ್ಕೆ ನಡುಗಲಿಲ್ಲ.
ನಡುಗಲಿಲ್ಲವಲ್ಲ ಎಂದು
ಮೆಟ್ಟಿಲ ಮೇಲೆ ಕೂತು ಅತ್ತಳು.

ಕೊಟ್ಟದ್ದು ಹದಿನೇಳನೆಯ ಪುಡಿ. ಹೆಸರು ನಮಗೂ ಹೇಳಿಲ್ಲ.
ನೀರಲ್ಲಿ ಕದಡಿದರೆ
ಉಪ್ಪಿನಲ್ಲಿಟ್ಟ ಮೂಲಂಗಿಯ ಹಳದಿ.

ಉಪ್ಪು, ಸೋಪು, ಒಂದು ರಾತ್ರಿಯ ತಂಪು.
ಕೋಶ ಪೊರೆ ಕಳಚುತ್ತದೆ, ಮನೆ ಕರಗುತ್ತದೆ,
ಒಳಗಿದ್ದ ನೂಲಿನುಂಡೆಯೊಂದು
ಜೆಲ್ಲಿನಲ್ಲಿ ಬೆತ್ತಲೆ ಉಳಿಯುತ್ತದೆ.
ಆಮೇಲೆ ಕ್ಷಾರ. ಆಮೇಲೆ ಇಪ್ಪತ್ತೈದು ವೋಲ್ಟು.
ಗಟ್ಟಿ ನೂಲು ಕದಲದು.
ಹರಿದದ್ದು ಹರಿಯುತ್ತದೆ,
ಹರಿದದ್ದೆಲ್ಲ ಧನದ ಕಡೆಗೇ ಹರಿಯುತ್ತದೆ.

ಇದಕ್ಕೆ ಧೂಮಕೇತು ಎನ್ನುತ್ತಾರೆ. ತಲೆ, ಬಾಲ.
ನನಗೆ ಆಕಾಶ ಕಾಣಲಿಲ್ಲ ಎಂದೂ.
ಉಣ್ಣೆಯಂಗಿ ಮೊಳೆಗೆ ಸಿಕ್ಕಿ ಎಳೆ ಬಿಟ್ಟ ಹಾಗೆ, ಅಷ್ಟೇ.

ಗಾಜಿಗೆ ಐವತ್ತು.
ಒಟ್ಟು ಉದ್ದ ಅಳೆ, ತಲೆಯ ಅಗಲ ಕಳೆ, ಉಳಿದದ್ದು ಬರೆ.
ಮಜ್ಜೆ: ಏನೂ ಇಲ್ಲ. ಐವತ್ತೂ ಹುಣ್ಣಿಮೆ.
ಹಿಂದೆ ಮಜ್ಜೆಯೊಂದನ್ನೇ ಕೇಳಿ
'ಅಪಾಯವಿಲ್ಲ' ಎಂದು ಮುದ್ರೆ ಒತ್ತುತ್ತಿದ್ದದ್ದೂ ಉಂಟು,
ಒಂದು ಮನೆಯ ಕದ ತಟ್ಟಿ
ಊರೆಲ್ಲ ಸುಖವಾಗಿದೆ ಎಂದು ಬರೆದುಕೊಂಡ ಹಾಗೆ.
ಮಿದುಳು: ಇಲ್ಲ. ಯಕೃತ್ತು: ತುಸು.
ದೊಡ್ಡಕರುಳು

ಕಣ್ಣು ತೆಗೆದೆ. ಒರೆಸಿಕೊಂಡೆ. ಮತ್ತೆ ಇಟ್ಟೆ.
ಮೂವತ್ತೆರಡು ಮೈಕ್ರಾನ್. ನಲವತ್ತೊಂದು. ಮೂವತ್ತೆಂಟು.
ಬಾಯಿಲ್ಲದ್ದು ಹೀಗೆ ಕೂಗುತ್ತದೆ.

ಇಪ್ಪತ್ತನಾಲ್ಕು ಗಂಟೆ ಬಿಟ್ಟು ತೆಗೆದ ಇಲಿಗಳಲ್ಲಿ
ಅದೇ ಕರುಳು, ಬಾಲ ಅರ್ಧಕ್ಕಿಳಿದಿದೆ.
ರಾತ್ರಿಯಿಡೀ ಯಾರೋ ಒಳಗೆ ಕೂತು ಹೊಲಿದಿದ್ದಾರೆ.
ಸರಿಯಾಗಿ ಹೊಲಿದರೋ,
ತೋಳಿನ ಜಾಗಕ್ಕೆ ಕೊರಳುಪಟ್ಟಿ ಸೇರಿಸಿದರೋ,
ನನ್ನ ಅಳತೆಗೋಲಿಗೆ ಗೊತ್ತಾಗದು.

ಬರೀ ನೀರು ಕುಡಿದವುಗಳ ಗಾಜಿನಲ್ಲೂ
ಐವತ್ತಕ್ಕೆ ಒಂದೋ ಎರಡೋ ಬಾಲ.
ಯಾರೂ ಏನೂ ಕೊಟ್ಟಿರಲಿಲ್ಲ.
ಅದನ್ನೂ ಬರೆದೆ.

ಕಾಣಲೆಂದು ಹಾಕಿದ ಬಣ್ಣವೂ ಅದೇ ಜಾತಿಯದು,
ಎಳೆಯ ಮೆಟ್ಟಿಲುಗಳ ನಡುವೆ ನುಸುಳಿ ಕೂರುವಂಥದು.
ಎರಡು ಪದರ ಕೈಗವಸು. ಮೂರು ಸಲ ಕೈತೊಳೆತ.
ಆಮೇಲೆ ಡಬ್ಬಿ ಬಿಚ್ಚಿದೆ:
ಅಮ್ಮ ಇಟ್ಟ ಮೂಲಂಗಿ, ಮೂರು ತುಂಡು, ಅದೇ ಹಳದಿ.
ಹೊತ್ತು ನೋಡಿದೆ. ತಿಂದೆ.
ಕಟುಂ ಎಂದದ್ದಕ್ಕೆ ಮಿಜುಹೊ ತಿರುಗಿದಳು.

ಹೋದ ತಿಂಗಳು, ಕಟ್ಟಡದ ಹಿಂದಿನ ಕಲ್ಲಿನ ಮುಂದೆ,
ಕರಿಕೋಟು ತೊಟ್ಟು ತಲೆಬಾಗಿ ನಿಂತಿದ್ದೆವು.
ಪ್ರಾಧ್ಯಾಪಕ ಕುಮಗಾಯ್ ಈ ವರ್ಷದ ಲೆಕ್ಕ ಓದಿದರು:
ಸಾವಿರದ ನೂರ ನಾಲ್ಕು.
ಸೇವಂತಿಗೆ, ಊದುಬತ್ತಿ,
ಯಾರೋ ಇಟ್ಟ ಒಂದು ಹಿಡಿ ಇಲಿಯ ಆಹಾರ.
ಸಂಜೆಗೆ ಕಾಗೆ ತಿಂದಿತ್ತು.

ಈಗ ಕೊನೆಯ ಗಾಜು, ಮೂತ್ರಕೋಶದ್ದು.
ನಟ್ಟನಡುವೆ ಒಂದು ಗಾಳಿಗುಳ್ಳೆ.
ಹದಿನಾರರವರೆಗೆ ಎಣಿಸಿದೆ, ಮುಂದೆ ಓದಲಾಗದು.
ಐವತ್ತಾಗದಿದ್ದರೆ ಲೆಕ್ಕಕ್ಕಿಲ್ಲ.
ಮಿಜುಹೊ ಜೆಲ್ ಸುರಿಯುವಾಗ ಕೈ ನಡುಗಿರಬೇಕು.
ಒಂದು ಗುಳ್ಳೆಗೆ ಇನ್ನೊಂದು ಇಲಿ.

ಬೇಡಿಕೆಯ ಚೀಟಿ ಮುಂದಿದೆ.
ಸಂಖ್ಯೆಯ ಜಾಗ ಬಿಟ್ಟು
ಉಳಿದದ್ದನ್ನೆಲ್ಲ ತುಂಬಿದ್ದೇನೆ.